ಅಕ್ಕನ ಮಂಡಿಯ ಲೆಕ್ಕ

ನಮ್ಮಕ್ಕನ ಪ್ರಕಾರ ಪ್ರಪಂಚದಲ್ಲಿ ಇರುವುದು ಎರಡೇ ಬಗೆಯ ಜನ: ಸಾಮಾನು ಕೆಡುವ ಮೊದಲೇ ಬದಲಿಸುವವರು, ಮತ್ತು ಅವರು ಬೇಡವೆಂದದ್ದನ್ನು ತಂದು ಮಾರಿ ಬದುಕುವವರು. ಮೊದಲನೆಯವರ ಮೇಲೆ ಅವಳಿಗೆ ಎಷ್ಟು ಕೃತಜ್ಞತೆಯೋ ಅಷ್ಟೇ ತಾತ್ಸಾರ. "ಬಣ್ಣ ಮಾಸ್ತು ಅಂತ ಫ್ರಿಜ್ ಮಾರೋರು, ಸದ್ದು ಮಾಡುತ್ತೆ ಅಂತ ಫ್ಯಾನ್ ಮಾರೋರು, ಎಲ್ಲರೂ ನೂರು ವರ್ಷ ಚೆನ್ನಾಗಿರ್ಲಿ," ಎಂದು ಹರಸುತ್ತಾಳೆ. "ಬುದ್ಧಿ ಮಾತ್ರ ಬರೋದು ಬೇಡ." ಹಳೇ ಸಾಮಾನಿನ ಅಂಗಡಿ ಇಟ್ಟವಳು ಬೇರೇನು ತಾನೇ ಬೇಡಿಕೊಂಡಾಳು.

ಪಕ್ಕದ ಮಳಿಗೆ ನನ್ನದು. ಝೆರಾಕ್ಸ್, ಟೈಪಿಂಗ್, ಲ್ಯಾಮಿನೇಶನ್. ನಮ್ಮಿಬ್ಬರ ಅಂಗಡಿಗಳ ನಡುವೆ ಒಂದು ಗೋಡೆ ಇದೆ. ಅಕ್ಕನ ಗಂಟಲಿಗೆ ಆ ವಿಷಯ ಯಾರೂ ತಿಳಿಸಿಲ್ಲ. ಹಾಗಾಗಿ ನಾನಿಲ್ಲಿ ಹೇಳುವುದರಲ್ಲಿ ನೋಡಿದ್ದು ಅರ್ಧ, ಗೋಡೆಯಾಚೆಯಿಂದ ಕೇಳಿದ್ದು ಅರ್ಧ, ಒಡಹುಟ್ಟಿದವಳೆಂಬ ಹಕ್ಕಿನಿಂದ ಸೇರಿಸಿದ್ದು ಒಂದು ಚಿಟಿಕೆ.

ಅವಳ ಅಂಗಡಿ ಶುರುವಾದದ್ದೇ ಒಂದು ತಮಾಷೆ. ಮದುವೆಯಾದಾಗ ಭಾವ ಫ್ಯಾನ್ ರಿಪೇರಿ ಮಾಡುತ್ತಿದ್ದರು. ಕೈ ಬಂಗಾರ, ಬಾಯಿ ಮಾತ್ರ ಇಲ್ಲ. ಸತ್ತ ಫ್ಯಾನಿಗೆ ಜೀವ ಕೊಟ್ಟು, ದುಡ್ಡು ಕೇಳುವ ಹೊತ್ತಿಗೆ ಸ್ಕ್ರೂಡ್ರೈವರ್ ಹುಡುಕಿಕೊಂಡು ಒಳಗೆ ಹೋಗಿಬಿಡುತ್ತಿದ್ದರು. ಗಿರಾಕಿಗಳು ಕೊಟ್ಟು ಮರೆತ ಫ್ಯಾನುಗಳು ಅಟ್ಟದ ತುಂಬ ಇದ್ದವು. ಒಂದು ದಿನ ಊಟದ ಡಬ್ಬಿ ಕೊಡಲು ಬಂದ ಅಕ್ಕ ಅಲ್ಲೇ ಸ್ಟೂಲಿನ ಮೇಲೆ ಕೂತಳು. ಭಾವ ಉಂಡು ಕೈತೊಳೆದು ಬರುವಷ್ಟರಲ್ಲಿ ಎರಡು ಫ್ಯಾನು ಮಾರಿ ಮುಗಿಸಿದ್ದಳು. ಅದರಲ್ಲಿ ಒಂದನ್ನು ಕೊಂಡವನು ಆ ಫ್ಯಾನಿನ ಅಸಲಿ ಮಾಲೀಕನೇ. ಅವನ ಫ್ಯಾನನ್ನು ಅವನಿಗೇ ಮಾರಿದ್ದಲ್ಲದೆ, ಇಂಥ ಗಾಳಿ ನಿಮಗೆ ಬೇರೆ ಕಡೆ ಸಿಗಲ್ಲ ಎಂದು ಬೇರೆ ಹೇಳಿ ಕಳಿಸಿದ್ದಳು. ಅವನು ಹೌದೆಂದು ತಲೆಯಾಡಿಸಿ ಹೊತ್ತುಕೊಂಡು ಹೋದನಂತೆ. ವ್ಯವಹಾರದ ಮಾತನ್ನು ಭಾವ ಅಂದೇ ಅವಳಿಗೆ ಪೂರ್ತಿ ಬಿಟ್ಟುಕೊಟ್ಟರು.

ಆಮೇಲಿನದೆಲ್ಲ ಜೋಡೆತ್ತಿನ ಕೆಲಸ. ಯಾರೋ ಮನೆ ಖಾಲಿ ಮಾಡುತ್ತಾರೆ ಎಂದು ಸುದ್ದಿ ಬಂದರೆ ಇಬ್ಬರೂ ಲಾರಿ ಹತ್ತುವರು. ಸಾಮಾನು ನೋಡುವುದು ಭಾವನ ಪಾಲು: ಫ್ರಿಜ್ಜಿನ ಬೆನ್ನಿಗೆ ಕಿವಿ, ಮಂಚದ ಅಡಿಗೆ ಟಾರ್ಚು. ಮಾಲು ಚೆನ್ನಾಗಿದ್ದರೆ ಕನ್ನಡಕ ತೆಗೆದು ಒರೆಸುವರು, ಇಲ್ಲದಿದ್ದರೆ ಒರೆಸುವುದಿಲ್ಲ. ಅಷ್ಟೇ ಸನ್ನೆ. ಮಿಕ್ಕಿದ್ದು ಅಕ್ಕನ ಬಾಯಿಗೆ ಸೇರಿದ್ದು. ಒಳ್ಳೆಯ ಬೀರುವಿನ ಮುಂದೆ ಅವಳು ಅಯ್ಯೋ ಪಾಪ ಎಂಬ ಮುಖ ಮಾಡಿ ನಿಂತರೆ, ಮಾರುವವರಿಗೇ ತಮ್ಮ ಬೀರುವಿನ ಬಗ್ಗೆ ನಾಚಿಕೆ ಹುಟ್ಟುತ್ತಿತ್ತು. ನಡುವೆ ಭಾವ ಬಾಯಿಬಿಟ್ಟರೋ ಕೆಟ್ಟಿತು. ಪರವಾಗಿಲ್ಲ, ಚೆನ್ನಾಗೇ ಇದೆ ಎಂದುಬಿಡುವರು, ಬೆಲೆ ಏರಿ ಕೂರುವುದು. ಹಾಗಾಗಿ ಅವರು ಬಾಯಿಬಿಡುವ ಸೂಚನೆ ಕಂಡರೆ ಅಕ್ಕ ಅವರ ಕಾಲು ತುಳಿಯುತ್ತಿದ್ದಳು.

ಇಂಥವಳಿಗೆ ಐವತ್ತು ದಾಟಿದ ಮೇಲೆ ಮಂಡಿ ಕೈಕೊಟ್ಟಿತು. ಮೊದಲು ಬಲಗಡೆಯದು, ಅದಕ್ಕೆ ಜೊತೆಯಾಗಿ ಎಡಗಡೆಯದು. ಮೆಟ್ಟಿಲು ಹತ್ತುವುದು ನಿಂತಿತು. ಆಮೇಲೆ ಹೆಚ್ಚು ಹೊತ್ತು ನಿಲ್ಲುವುದೂ ನಿಂತಿತು. ಮುಚ್ಚಿಹೋದ ಯಾವುದೋ ಆಫೀಸಿನಿಂದ ಬಂದಿದ್ದ ಚಕ್ರದ ತಿರುಗು ಕುರ್ಚಿಯೊಂದನ್ನು ಮಾರಾಟದಿಂದ ತೆಗೆದು, ಅದರಲ್ಲಿ ತನಗೆ ತಾನೇ ಪಟ್ಟ ಕಟ್ಟಿಕೊಂಡಳು. ಅಲ್ಲಿಂದ ಮುಂದೆ ಅವಳ ಓಡಾಟವೆಲ್ಲ ಫ್ರಿಜ್ಜಿನ ಹಿಡಿ ಎಳೆದುಕೊಂಡು, ವಾಷಿಂಗ್ ಮೆಷಿನ್ನನ್ನು ಕೈಯಿಂದ ನೂಕಿಕೊಂಡು ನಡೆಯಿತು.

ಅಂಗಡಿಯ ನೆಲ ಬಾಗಿಲ ಕಡೆಗೆ ಸ್ವಲ್ಪ ಇಳಿಜಾರು. ಚೌಕಾಸಿಯ ಕಾವಿನಲ್ಲಿ ಹಿಡಿ ಬಿಟ್ಟರೆ ಕುರ್ಚಿ ತಾನಾಗಿಯೇ ಹೊರಡುತ್ತಿತ್ತು. ಗಿರಾಕಿ ಬೆಲೆ ಹೇಳುತ್ತ ಪಕ್ಕದಲ್ಲಿ ನಡೆಯಬೇಕು, ಆಮೇಲೆ ದಾಪುಗಾಲು ಹಾಕಬೇಕು, ಬಾಗಿಲು ಬರುವುದರೊಳಗೆ ವ್ಯಾಪಾರ ಕುದುರಬೇಕು. ಈ ಹೆಂಗಸು ಬೀದಿಗೆ ಬಿದ್ದಾಳೆಂದು ಹೆದರಿ ಅವಳು ಹೇಳಿದ ಬೆಲೆಗೆ ಒಪ್ಪಿದವರು ಬೇಕಾದಷ್ಟು ಜನ. ಒಂದು ಮಧ್ಯಾಹ್ನ ನಾನು ಯಾರದೋ ಅಂಕಪಟ್ಟಿ ಝೆರಾಕ್ಸ್ ಮಾಡುತ್ತಿದ್ದಾಗ ಅಕ್ಕ ನನ್ನ ಅಂಗಡಿಯ ಮುಂದೆ ಹಿಮ್ಮುಖವಾಗಿ ಹಾದುಹೋದಳು. ಕೈಯಲ್ಲಿ ಮಿಕ್ಸಿ ಜಾರು, ಹಿಂದಿನಿಂದ ಓಡುತ್ತಿರುವ ಗಿರಾಕಿ. "ಇದಕ್ಕಿಂತ ಕಮ್ಮಿಗೆ ಗಿಟ್ಟಲ್ಲ," ಎನ್ನುತ್ತಿದ್ದಳು. ಬೀದಿಯವರು ಗಾಲಿ ಅಕ್ಕ ಎಂದು ಹೆಸರಿಟ್ಟರು. ಎಲ್ಲರಂತೆ ನಾನೂ ನಗುತ್ತಿದ್ದೆ. ನಕ್ಕು ಮುಗಿದ ಮೇಲೆ ಮಾತ್ರ ಸಂಕಟವಾಗುತ್ತಿತ್ತು. ಚಿಕ್ಕಂದಿನಲ್ಲಿ ನನ್ನನ್ನು ಬೆನ್ನಿಗೆ ಹಾಕಿಕೊಂಡು ಊರೆಲ್ಲ ಸುತ್ತಿಸಿದ ಕಾಲುಗಳು ಅವು.

ಕೊನೆಗೆ ನಾನೇ ಅವಳನ್ನು ಡಾಕ್ಟರ ಹತ್ತಿರ ಎಳೆದುಕೊಂಡು ಹೋದೆ. ಕೀಲಿನ ಡಾಕ್ಟರು ಎತ್ತರದ ಆಳು, ನಿಧಾನ ಮಾತಿನ ಹೆಂಗಸು. ಎಕ್ಸ್‌ರೇ ನೋಡಿ, ಎರಡೂ ಮಂಡಿ ಸವೆದು ಮುಗಿದಿವೆ, ಬದಲಿಸುವುದು ಒಳ್ಳೆಯದು ಎಂದರು. ಮೇಜಿನ ಮೇಲೆ ತೋರಿಸಲೆಂದು ಒಂದು ಕೃತಕ ಮಂಡಿ ಇತ್ತು. ಅಕ್ಕ ಅದನ್ನು ಕೈಗೆತ್ತಿಕೊಂಡು ಮಡಚಿದಳು, ಬಿಚ್ಚಿದಳು, ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದಳು, ಉಗುರಿನಿಂದ ತಟ್ಟಿದಳು.

"ಎಷ್ಟು ವರ್ಷ ಬರುತ್ತೆ?" ಎಂದು ಕೇಳಿದಳು.

"ಹದಿನೈದು, ಇಪ್ಪತ್ತು. ಎಷ್ಟೋ ಜನಕ್ಕೆ ಅದಕ್ಕಿಂತ ಜಾಸ್ತಿನೂ ಬಂದಿದೆ."

"ಆಮೇಲೆ?"

"ಸವೆದ್ರೆ ಇನ್ನೊಂದ್ಸಲ ಆಪರೇಶನ್. ಎರಡನೇದು ಮೊದಲನೇದಕ್ಕಿಂತ ಕಷ್ಟ, ಖರ್ಚೂ ಜಾಸ್ತಿ."

"ನನ್ನ ಹಳೇ ಮಂಡಿ ಏನ್ಮಾಡ್ತೀರಿ? ಹೊಸದರ ಬೆಲೇಲಿ ಅದನ್ನ ಕಳೀತೀರಾ?"

ಡಾಕ್ಟರು ನನ್ನ ಮುಖ ನೋಡಿದರು. ನಾನು ಗೋಡೆಯ ಮೇಲಿನ ಅಸ್ಥಿಪಂಜರದ ಚಿತ್ರ ನೋಡಿದೆ.

"ಇಲ್ಲಮ್ಮ," ಎಂದರು ಅವರು. "ಹಳೇ ಮಂಡಿಗೆ ಬೆಲೆ ಇಲ್ಲ."

"ಹಂಗಾದ್ರೆ ನನ್ನ ಲೆಕ್ಕ ಕೇಳಿ ಡಾಕ್ಟ್ರೇ. ನನಗೀಗ ಐವತ್ತೆಂಟು. ನಮ್ಮಜ್ಜಿ ತೊಂಬತ್ತು ಮುಟ್ಟಿದ್ರು, ಅಮ್ಮ ಎಂಬತ್ತೆಂಟು. ಈಗ ಹಾಕಿಸ್ಕೊಂಡ್ರೆ ನಾನಿನ್ನೂ ಗಟ್ಟಿಯಾಗಿರೋವಾಗ್ಲೇ ಇದು ಕೆಡುತ್ತೆ. ಮತ್ತೆ ಖರ್ಚು. ಅದೇ ಇನ್ನೊಂದು ಹತ್ತು ವರ್ಷ ತಳ್ಳಿ ಹಾಕಿಸ್ಕೊಂಡ್ರೆ ಮಂಡಿನೂ ನಾನೂ ಒಟ್ಟಿಗೇ ಮುಗೀತೀವಿ. ಒಂದೇ ಖರ್ಚು, ಏನೂ ದಂಡ ಆಗಲ್ಲ."

ಡಾಕ್ಟರು ನಕ್ಕರು. "ನಿಮ್ಮ ಲೆಕ್ಕ ಪೂರ್ತಿ ತಪ್ಪೇನಲ್ಲ. ನಲವತ್ತು ವರ್ಷದವರು ಬಂದ್ರೆ ಆದಷ್ಟು ಕಾಯಿರಿ ಅಂತ ನಾನೂ ಹೇಳ್ತೀನಿ. ಆದ್ರೆ ಕಾಯೋದೇನು ಪುಕ್ಕಟೆ ಅಲ್ಲ. ನಿಮ್ಮ ಕಾಲು ಸೊಟ್ಟ ಆಗ್ತಿದೆ, ತೊಡೆ ಸ್ನಾಯು ಕರಗ್ತಿದೆ. ಹತ್ತು ವರ್ಷ ಕುರ್ಚಿಲಿ ಕೂತು ಬಂದವರಿಗೆ ಎಷ್ಟು ಒಳ್ಳೇ ಮಂಡಿ ಹಾಕಿದ್ರೂ ಅದು ಎಳೆಯೋದು ಅದೇ ಸೋತ ಕಾಲನ್ನ. ಒಂದು ವರ್ಷದೊಳಗೆ ಬಂದ್ರೆ ಮೆಟ್ಟಿಲು ಹತ್ತಿಸ್ತೀನಿ. ಆಮೇಲೆ ಬಂದ್ರೆ ನೋವು ತೆಗೀಬಹುದು, ಮೆಟ್ಟಿಲಿನ ಮಾತು ಕೊಡಲ್ಲ. ಅದಿರಲಿ, ಆ ಹತ್ತು ವರ್ಷ ನಿಮ್ಮ ಲೆಕ್ಕದಲ್ಲಿ ಎಲ್ಲಿದೆ?"

"ಅದೇನು, ಹೆಂಗೋ ಕಳೀತವೆ," ಎಂದಳು ಅಕ್ಕ.

ಹೊರಗೆ ಬಂದ ಮೇಲೆ ನನ್ನ ಕಿವಿಯಲ್ಲಿ, "ಒಳ್ಳೇ ಹೆಂಗಸು ಕಣೆ. ಆದ್ರೆ ಮಾಲು ದಾಟಿಸೋ ಅವಸರ ಜಾಸ್ತಿ," ಎಂದಳು. ನನಗೆ ರೇಗಿತು. ಬೇರೆಯವರ ಫ್ರಿಜ್ಜು ತಿನ್ನುವ ಕರೆಂಟಿನ ಲೆಕ್ಕ ಹೇಳಿ ಮಾಲು ಸಾಗಿಸುವವಳು, ತನ್ನ ಮಂಡಿ ತಿನ್ನುತ್ತಿರುವುದೇನೆಂದು ಒಂದು ಕ್ಷಣ ಯೋಚಿಸಲಿಲ್ಲ. ಅವಸರದಲ್ಲಿ ಬದಲಿಸುವ ದಡ್ಡರಿಂದಲೇ ಮೂವತ್ತು ವರ್ಷ ಅನ್ನ ಉಂಡವಳು. ತಾನೇ ಆ ಸಾಲಿಗೆ ಸೇರುವುದೆಂದರೆ ಅವಳಿಗೆ ಮಾನ ಹೋದಂತೆ.

ಅವಳು ಕೆಳಗೆ ಚಕ್ರದ ಮೇಲೆ ತಿರುಗುತ್ತಿದ್ದರೆ ಭಾವ ಮೇಲ್ಮಹಡಿಯಲ್ಲಿದ್ದರು. ಕೆಳಗೆ ಫ್ರಿಜ್ಜು, ಒಲೆ, ಮಿಕ್ಸಿ. ಮೇಲೆ ಮಂಚ, ಮೇಜು, ಸೋಫಾ. ಮೆಟ್ಟಿಲು ಇರುವುದು ಹಿಂಭಾಗದಲ್ಲಿ, ಸಾಲಾಗಿ ನಿಲ್ಲಿಸಿದ ಬೀರುಗಳ ಮರೆಯಲ್ಲಿ. ಭಾವ ಬೆಳಿಗ್ಗೆ ಅವಳಿಗಿಂತ ಮುಂಚೆ ಬಂದು ಮೇಲೆ ಹೋಗುವರು, ಅವಳು ಮನೆಗೆ ಹೊರಟ ಮೇಲೆ ಇಳಿದು ಬೀಗ ಹಾಕುವರು. ಮಧ್ಯಾಹ್ನದ ಡಬ್ಬಿ ಸಾಮಾನು ಏರಿಸುವ ರಾಟೆಯಲ್ಲಿ ಬುಟ್ಟಿ ಕಟ್ಟಿ ಮೇಲೆ ಹೋಗುತ್ತಿತ್ತು. ಮೂರು ವರ್ಷದಿಂದ ಹಗಲು ಹೊತ್ತು ಗಂಡಹೆಂಡಿರು ಮುಖ ನೋಡಿದ್ದಿಲ್ಲ. ಮಾತೆಲ್ಲ ರಾಟೆಯ ಕಿಂಡಿಯಲ್ಲಿ. "ಉಪ್ಪು ಸಾಕಾ ರೀ," ಎಂದು ಇವಳು ಕೂಗಿದರೆ ಬುಟ್ಟಿ ಎರಡು ಸಲ ಅಲ್ಲಾಡುತ್ತಿತ್ತು. ಸಾಕು ಎಂದರ್ಥ.

ಸಂಜೆ ಮನೆ ಮುಂದಿನ ಬೀದಿಯಲ್ಲಿ ಒಂದಿಷ್ಟು ದೂರ ಇಬ್ಬರೂ ಕೈಹಿಡಿದು ನಡೆಯುವುದನ್ನು ನಾನು ನೋಡಿದ್ದೇನೆ. ಅಕ್ಕ ಆಮೆಯ ಹೆಜ್ಜೆ ಹಾಕಿದರೆ ಭಾವನೂ ಅಷ್ಟೇ ನಿಧಾನ. ಹೆಂಡತಿಗೆ ಬೇಜಾರಾಗದಿರಲೆಂದು ಹೆಜ್ಜೆ ಹೊಂದಿಸಿಕೊಂಡು ನಡೆಯುತ್ತಾರೆ ನೋಡಿ ಎಂದು ನನ್ನ ಗಂಡನಿಗೆ ತೋರಿಸಿ ತೋರಿಸಿ ಹಂಗಿಸಿದ್ದೆ.

ಅಕ್ಕ ಲಾರಿ ಹತ್ತಲಾರದ್ದರಿಂದ ಸಾಮಾನು ಕೊಳ್ಳಲು ಭಾವ ಒಬ್ಬರೇ ಹೋಗಬೇಕಾಯಿತು. ಅಲ್ಲಿಂದ ಶುರುವಾಯಿತು ನೋಡಿ ಅನಾಹುತ. ಮೊದಲ ಸಲ ಫ್ರಿಜ್ ತರಲು ಹೋದವರು ಕ್ಷೌರದಂಗಡಿಯ ಕುರ್ಚಿ ತಂದರು. ಎರಡನೆಯ ಸಲ ಬೀರು ತರಲು ಹೋಗಿ ಹಲ್ಲಿನ ಡಾಕ್ಟರ ಒರಗು ಕುರ್ಚಿ ತಂದರು, ಉಗುಳುವ ಬೋಗುಣಿಯ ಸಮೇತ. ಮುಚ್ಚಿದ ಸಿನಿಮಾ ಥಿಯೇಟರಿನಿಂದ ಒಂದಕ್ಕೊಂದು ಅಂಟಿಕೊಂಡ ಮೂರು ಸೀಟು ಬಂದವು. ರೈಲು ನಿಲ್ದಾಣದ ಬೆಂಚು ಬಂತು. ಹೆಚ್ಚುಕಮ್ಮಿ ಎಲ್ಲವೂ ಮಾರುವವರು ಕೇಳಿದ ಬೆಲೆಗೆ. ರಾಟೆಯಲ್ಲಿ ಒಂದೊಂದಾಗಿ ಮೇಲೇರುತ್ತಿದ್ದರೆ ಅಕ್ಕ ಕುರ್ಚಿ ಗರಗರ ತಿರುಗಿಸಿಕೊಂಡು ಕೂಗಾಡುತ್ತಿದ್ದಳು. "ಹಲ್ಲು ಕೀಳೋ ಕುರ್ಚಿನ ಯಾರ ಮನೆ ಪಡಸಾಲೇಲಿ ಇಡ್ತಾರೆ ರೀ? ನೆಂಟರು ಬಂದ್ರೆ ಬಾಯಿ ತೆಗೀರಿ ಅಂತಾರಾ?" ಬುಟ್ಟಿ ಒಂದು ಸಲವೂ ಅಲ್ಲಾಡಲಿಲ್ಲ.

ಕರುಳು ಮೆತ್ತಗೆ, ಮಾರುವವರ ಕಷ್ಟ ಕೇಳಿ ಇಲ್ಲವೆನ್ನಲಾರರು ಎಂದು ನಾವೆಲ್ಲ ತೀರ್ಮಾನಿಸಿದೆವು. ಅಂಗಡಿ ಮಾತ್ರ ಸೊರಗುತ್ತ ಬಂತು.

ಡಾಕ್ಟರು ಕೊಟ್ಟ ಒಂದು ವರ್ಷದಲ್ಲಿ ಮುಕ್ಕಾಲು ಪಾಲು ಕರಗುವ ಹೊತ್ತಿಗೆ ಊರಿನ ದೊಡ್ಡ ಲಾಡ್ಜೊಂದು ಬಾಗಿಲು ಹಾಕಿತು. ಮೂರು ಮಹಡಿ, ಕೋಣೆಕೋಣೆಯಲ್ಲೂ ತೇಗದ ಮಂಚ, ಆಳೆತ್ತರದ ಕನ್ನಡಿ, ಗಟ್ಟಿ ಬೀರು. ಇಂಥ ಅವಕಾಶ ಅವರ ಕಸುಬಿನಲ್ಲಿ ಜೀವಮಾನಕ್ಕೊಮ್ಮೆ. ಅಕ್ಕ ಹಟ ಹಿಡಿದು ಲಾರಿಯ ಮುಂದಿನ ಸೀಟಿಗೆ ತನ್ನನ್ನು ಹತ್ತಿಸಿಕೊಂಡಳು. ಕೆಳಗಿನಿಂದ ನಾನು ನೂಕಿದೆ, ಮೇಲಿನಿಂದ ಡ್ರೈವರು ಎಳೆದ. ಲಾಡ್ಜಿನ ಲಿಫ್ಟು ಕೆಟ್ಟಿತ್ತು. ಭಾವ ಮೇಲೆ ಹೋಗಿ ಫೋನಿನ ವೀಡಿಯೋದಲ್ಲಿ ಸಾಮಾನು ತೋರಿಸುವುದು, ಅಕ್ಕ ಲಾರಿಯಲ್ಲೇ ಕೂತು ಬೆಲೆ ಹೇಳುವುದು ಎಂದು ಏರ್ಪಾಡಾಯಿತು.

"ರೀ, ಮಂಚ ತೋರಿಸಿ."

"ತೋರಿಸ್ತಾ ಇದೀನಲ್ಲ."

"ಅದು ನಿಮ್ಮ ಕಿವಿ."

ಕಿವಿ ಹೋಗಿ ಸೀಲಿಂಗ್ ಬಂತು. ಸೀಲಿಂಗಿನಲ್ಲಿ ಒಂದು ಫ್ಯಾನ್ ಬಂತು, ಅದನ್ನು ಮಾತ್ರ ಭಾವ ಚೆನ್ನಾಗಿ ತೋರಿಸಿದರು. ಆಮೇಲೆ ಬಹಳ ಹೊತ್ತು ಬರೀ ಕತ್ತಲೆ. ಫೋನ್ ಜೇಬಿಗೆ ಹೋಗಿತ್ತು. ಅಷ್ಟರಲ್ಲಿ ಒಬ್ಬರು ಲಾಡ್ಜಿನ ಮೆಟ್ಟಿಲುಗಳನ್ನು ಎರಡೆರಡಾಗಿ ಹಾರಿಕೊಂಡು ಮೇಲೆ ಹೋದರು. ಮೀಸೆ. ಮಾರುಕಟ್ಟೆಯವರು ಅವರಿಗಿಟ್ಟ ಹೆಸರು ಅದು; ಪಕ್ಕದ ಬೀದಿಯಲ್ಲಿ ಅಕ್ಕನದರಂಥದೇ ಅಂಗಡಿ ಇಟ್ಟವರು, ಅಕ್ಕನ ಬದ್ಧ ಎದುರಾಳಿ. ಎರಡು ವರ್ಷದ ಹಿಂದೆ, ಅಕ್ಕನಿಗಿಂತ ಚಿಕ್ಕ ವಯಸ್ಸಿಗೇ, ಎರಡೂ ಮಂಡಿ ಬದಲಿಸಿಕೊಂಡಿದ್ದರು. ಬಣ್ಣ ಮಾಸಿತು ಅಂತ ಮಂಡಿ ಬದಲಿಸಿದ ಮಹರಾಯ ಎಂದು ಅಕ್ಕ ಇಡೀ ಮಾರುಕಟ್ಟೆಗೆ ಹೇಳಿಕೊಂಡು ನಕ್ಕಿದ್ದಳು.

ಮೀಸೆ ಇಳಿದು ಬರುವಾಗ ಮೂರೂ ಮಹಡಿಯ ಮಂಚ, ಬೀರು, ಕನ್ನಡಿ ಎಲ್ಲವೂ ಅವರದಾಗಿತ್ತು. ನೇರ ನಮ್ಮ ಲಾರಿಯ ಕಿಟಕಿಗೆ ಬಂದರು.

"ಏನಕ್ಕಾ, ಮೇಲೆ ಬರ್ಲಿಲ್ವಾ? ನೀವು ಬಂದಿದ್ರೆ ನಂಗೆ ಒಂದು ಕನ್ನಡಿನೂ ಸಿಕ್ತಿರ್ಲಿಲ್ಲ."

ಅಕ್ಕ ಮುಂದಿನ ಗಾಜನ್ನೇ ನೋಡುತ್ತಿದ್ದಳು.

ಮೀಸೆ ತಮ್ಮ ಮಂಡಿ ತಟ್ಟಿಕೊಂಡರು. "ಇದಕ್ಕೆ ಹಾಕಿದ ದುಡ್ಡು ವಾಪಸ್ ಬಂದೇ ವರ್ಷ ಆಯ್ತು ಅಕ್ಕ. ಈಗ ದುಡೀತಿರೋದೆಲ್ಲ ಲಾಭ. ಯಾವತ್ತೋ ಸವೆದ್ರೆ ಈ ಲಾಭದಲ್ಲೇ ಇನ್ನೊಂದು ಹಾಕಿಸ್ಕೋತೀನಿ. ನೀವು ಬೇಗ ಮಾಡಿಸ್ಕೊಳ್ಳಿ. ನೀವಿಲ್ದೆ ವ್ಯಾಪಾರದಲ್ಲಿ ಮಜಾನೇ ಇಲ್ಲ."

ಅವರು ಅದನ್ನು ಪ್ರೀತಿಯಿಂದಲೇ ಹೇಳಿದ್ದು, ಅದಕ್ಕೇ ಹೆಚ್ಚು ಚುಚ್ಚಿತು. ಸ್ವಲ್ಪ ಹೊತ್ತಿಗೆ ಭಾವ ಬಂದರು. ಅವರು ಮೊದಲನೆಯ ಮಹಡಿ ದಾಟಿರಲೇ ಇಲ್ಲ. ಅಲ್ಲಿನ ಪಡಸಾಲೆಯ ಸೋಫಾವನ್ನು ಕೇಳಿದ ಬೆಲೆಗೆ ಕೊಂಡಿದ್ದರು. ಅದರ ಒಂದು ಕಾಲು ಮುರಿದಿತ್ತು.

ವಾಪಸು ಬರುವಾಗ ಲಾರಿಯ ಮುಂದೆ ಅಕ್ಕ ಮತ್ತು ನಾನು. ಭಾವ ಹಿಂದೆ, ಸೋಫಾದ ಮೇಲೆ. ನಾನು ತಡೆಯಲಾರದೆ ಹೇಳಿಬಿಟ್ಟೆ: "ಅಕ್ಕ, ಆ ಹಲ್ಲಿನ ಕುರ್ಚಿ, ಸಿನಿಮಾ ಸೀಟು, ಇವತ್ತು ಹೋದ ಲಾಡ್ಜು, ಎಲ್ಲಾನೂ ನಿನ್ನ ಮಂಡಿ ಖರ್ಚಿಗೇ ಬರ್ಕೋ. ಆಪರೇಶನ್ ಮಾಡಿಸ್ದೆ ನೀನು ಉಳಿಸಿದ್ದು ಏನೂ ಇಲ್ಲ." ಮನೆ ಹತ್ತಿರ ಬಂದಾಗ ಅಕ್ಕ, "ಎರಡೆರಡು ಮೆಟ್ಟಿಲು ಹಾರ್ತಾನೆ ಕಣೆ ಅವನು," ಎಂದಳು. ಅವಳ ದನಿಯಲ್ಲಿ ಅಷ್ಟು ಆಸೆ ನಾನು ಎಂದೂ ಕೇಳಿರಲಿಲ್ಲ.

ಮಾರನೆಯ ದಿನವೇ ಡಾಕ್ಟರ ಮುಂದೆ ಕೂತು, "ಎರಡೂ ಒಟ್ಟಿಗೆ ತಗೊಂಡ್ರೆ ಎಷ್ಟು ಬಿಡ್ತೀರಿ?" ಎಂದು ಕೇಳಿದಳು. ಅದನ್ನು ಒಪ್ಪಬೇಕಾದದ್ದು ನಾನಲ್ಲ, ನಿಮ್ಮ ಹೃದಯ ಎಂದರು ಡಾಕ್ಟರು. ಪರೀಕ್ಷೆಯಲ್ಲಿ ಹೃದಯ ಒಪ್ಪಿತು. ಹಾಸಿಗೆ ಬಾಡಿಗೆ ಒಂದೇ ಸಲಕ್ಕೆ ಮುಗಿಯಿತೆಂದು ಅಕ್ಕ ಆಪರೇಶನ್ನಿನ ಕೋಣೆಗೆ ನಗುನಗುತ್ತ ಹೋದಳು. ಸೊಂಟದ ಕೆಳಗೆ ಮರಗಟ್ಟಿಸಿ ಮಾಡಿದರಂತೆ. ನಡುವೆ ಎಚ್ಚರವಾಗಿ ಸುತ್ತಿಗೆಯ ಸದ್ದು ಕೇಳಿ, "ಡಾಕ್ಟ್ರೇ, ಯಾವ ಮಂಚ ಬಿಚ್ತಾ ಇದೀರಿ?" ಎಂದು ವಿಚಾರಿಸಿದಳಂತೆ. ಆ ಮಾತು ಆಸ್ಪತ್ರೆಯಲ್ಲೆಲ್ಲ ಹಬ್ಬಿ, ನರ್ಸುಗಳು ಪಾಳಿ ಮುಗಿದ ಮೇಲೂ ಅವಳ ಮಂಚದ ಸುತ್ತ ನಿಂತಿರುತ್ತಿದ್ದರು. ಅವರಲ್ಲಿ ಇಬ್ಬರಿಗೆ ಫ್ರಿಜ್ ಮಾರಿಯೇ ಮನೆಗೆ ಬಂದಳು.

ಆಮೇಲಿನ ದಿನಗಳು ತಮಾಷೆಯಲ್ಲ. ವ್ಯಾಯಾಮ ಮಾಡಿಸುವವರು ಬಂದು ಮಂಡಿ ಮಡಚಿಸುವಾಗ ಅಕ್ಕ ಅಳುತ್ತಿದ್ದಳು. ನಾನು ಅಡುಗೆಮನೆಯಲ್ಲಿ ಕಿವಿ ಮುಚ್ಚಿಕೊಂಡು ನಿಲ್ಲುತ್ತಿದ್ದೆ. ಆದರೆ ವಾಕರ್ ಹೋಗಿ ಕೋಲು ಬಂತು, ಕೋಲು ಹೋಗಿ ನನ್ನ ಭುಜ ಬಂತು, ಒಂದು ಬೆಳಿಗ್ಗೆ ನನ್ನ ಭುಜವೂ ಬೇಡವಾಯಿತು. ಅಂದು ಅಂಗಡಿಗೆ ನಡೆದುಕೊಂಡೇ ಬಂದಳು. ಬಂದವಳೇ ಚಕ್ರದ ಕುರ್ಚಿಯನ್ನು ಮೊದಲ ಗಿರಾಕಿಗೆ ಮಾರಿದಳು. ಅದು ಹೊರಟದ್ದನ್ನು ಬೀದಿಯವರೆಲ್ಲ ನಿಂತು ನೋಡಿದರು. ಅಕ್ಕ ಕಾಲಿನ ಮೇಲೆ ನಿಂತು ನೋಡಿದಳು. ನನಗೆ ಯಾರನ್ನಾದರೂ ಹಿಡಿದು ಗಿರಗಿರ ತಿರುಗಿಸಬೇಕು ಅನಿಸುವಷ್ಟು ಸಂತೋಷ.

"ನಡೀರಿ, ಮೇಲೆ ಹೋಗೋಣ," ಎಂದಳು ಭಾವನಿಗೆ. ಅವಳನ್ನು ಬರಮಾಡಿಕೊಳ್ಳಲೆಂದು ಭಾವ ಅಂದು ಕೆಳಗೇ ಇದ್ದರು.

"ನೀನು ಮುಂದೆ ಹತ್ತು, ನಾನು ಹಿಂದೆ ಬರ್ತೀನಿ."

"ನಾನು ಬಿದ್ರೆ ನಿಮ್ಮನ್ನೂ ಹೊತ್ಕೊಂಡು ಬೀಳ್ತೀನಿ. ಹಿಂದೆ ಇವಳಿರ್ಲಿ. ನೀವು ಮುಂದೆ ಹೋಗಿ."

"ಒಂದು ಸ್ಕ್ರೂಡ್ರೈವರ್ ಇಲ್ಲೆಲ್ಲೋ ಇಟ್ಟಿದ್ದೆ."

"ರೀ, ಹತ್ತಿ ಅಂದೆ."

ಭಾವ ಬೀರುಗಳ ಹಿಂದೆ ಹೋಗಿ ಮೆಟ್ಟಿಲಿಗೆ ಕಾಲಿಟ್ಟರು. ಅವರ ಹಿಂದೆ ಅಕ್ಕ, ಅವಳ ಹಿಂದೆ ಕೈ ಚಾಚಿಕೊಂಡು ನಾನು. ಅಕ್ಕ ಹೊಸ ಮಂಡಿಯ ಮೇಲೆ ಹೆದರಿ ಹೆದರಿ ಹತ್ತುತ್ತಿದ್ದಳು. ಅರ್ಧ ಮೆಟ್ಟಿಲು ಹತ್ತಿದ ಮೇಲೆ ತನ್ನ ಕಾಲು ನೋಡುವುದನ್ನು ಬಿಟ್ಟು ತಲೆಯೆತ್ತಿದಳು. ಅಲ್ಲೇ ನಿಂತಳು.

ಭಾವ ಎರಡೂ ಕೈಯಿಂದ ಕಂಬಿ ಹಿಡಿದು, ಮೈಯನ್ನು ಓರೆ ಮಾಡಿಕೊಂಡು ಹತ್ತುತ್ತಿದ್ದರು. ಒಂದು ಮೆಟ್ಟಿಲಿಗೆ ಬಲಗಾಲು ಇಡುವುದು, ತುಟಿ ಕಚ್ಚಿ ಎಡಗಾಲನ್ನು ಅದರ ಪಕ್ಕಕ್ಕೆ ಎಳೆದುಕೊಳ್ಳುವುದು, ನಿಂತು ಉಸಿರು ತೆಗೆದುಕೊಳ್ಳುವುದು. ಅಕ್ಕ ಮೆಟ್ಟಿಲು ಬಿಡುವ ಮೊದಲು ಹೇಗೆ ಹತ್ತುತ್ತಿದ್ದಳೋ ಹಾಗೆಯೇ.

"ನಿಲ್ಲಿ," ಎಂದಳು ಅಕ್ಕ. ಅವಳು ಇಷ್ಟು ಮೆಲ್ಲಗೆ ಮಾತಾಡಿದ್ದು ನನಗೆ ಗೊತ್ತಿಲ್ಲ. "ಎಷ್ಟು ದಿನದಿಂದ ಇದು?"

ಭಾವ ತಿರುಗಲಿಲ್ಲ. "ಸೊಂಟದ ಕೀಲು. ಮೂರು ವರ್ಷ ಆಗಿರ್ಬೇಕು."

"ಡಾಕ್ಟರಿಗೆ ತೋರಿಸಿದ್ರಾ?"

"ಒಂದ್ಸಲ ಹೋಗಿದ್ದೆ. ಅದನ್ನೂ ಬದಲಿಸ್ಬೇಕು ಅಂದ್ರು."

"ನನಗೆ ಹೇಳ್ಬಾರ್ದಿತ್ತಾ?"

"ಇಬ್ರೂ ಒಟ್ಟಿಗೆ ಮಲಗಿದ್ರೆ ಅಂಗಡಿ ಯಾರು ನೋಡೋದು? ನಿಂದು ಮೊದಲು ಆಗ್ಲಿ ಅಂದ್ಕೊಂಡೆ. ನೀನು ಇನ್ನು ಹತ್ತು ವರ್ಷ ಬಿಟ್ಟು ಅಂದೆ. ಸರಿ, ಅದಾದ್ಮೇಲೆ ನಂದು ಅಂದ್ಕೊಂಡೆ."

ಭಾವ ಅಕ್ಕನಿಗಿಂತ ಒಂಬತ್ತು ವರ್ಷ ದೊಡ್ಡವರು. ಅಕ್ಕನ ತುಟಿ ಅಲ್ಲಾಡಿತು. ಹತ್ತು ವರ್ಷ ಕೂಡಿಸಿ ನೋಡುತ್ತಿದ್ದಾಳೆಂದು ನನಗೆ ಗೊತ್ತಾಯಿತು.

"ಮತ್ತೆ ಆ ಕುರ್ಚಿಗಳು?" ಎಂದು ಕೇಳಿದವಳು ನಾನು.

"ನಿಂತ್ಕೊಂಡು ಚೌಕಾಸಿ ಮಾಡಕ್ಕಾಗಲ್ಲಮ್ಮ, ನೋವು. ಅದಕ್ಕೇ ಸಿಕ್ಕಿದ್ರ ಮೇಲೆ ಕೂತ್ಕೋತಿದ್ದೆ. ಕೂತ್ಮೇಲೆ ಬೇಗ ಏಳಕ್ಕಾಗ್ತಿರ್ಲಿಲ್ಲ. ಮನೆಯವರು ನಿಂತು ನೋಡ್ತಿರ್ತಾರೆ, ನಾಚಿಕೆ ಆಗೋದು. ಕೊಂಡ್ಬಿಡ್ತಿದ್ದೆ."

ಹಲ್ಲಿನ ಡಾಕ್ಟರ ಕುರ್ಚಿಯಲ್ಲಿ ಒರಗಿ ಏಳಲಾರದೆ ಬೆಲೆ ಕೇಳುತ್ತಿರುವ ಭಾವ ನನ್ನ ಕಣ್ಣಮುಂದೆ ಬಂದರು. ನಗು ತಡೆಯಲು ಕಂಬಿ ಹಿಡಿದೆ. ಅಷ್ಟರಲ್ಲಿ ಅಕ್ಕನೇ ನಕ್ಕಳು. ಮೆಟ್ಟಿಲು ನಡುಗುವ ಹಾಗೆ, ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕಳು. ಭಾವನೂ ಬೆನ್ನು ತೋರಿಸಿಕೊಂಡೇ ನಗತೊಡಗಿದರು. ಮೂವರೂ ಆ ಇಕ್ಕಟ್ಟಿನಲ್ಲಿ ಒಬ್ಬರ ಮೇಲೊಬ್ಬರು ಬೀಳದಂತೆ ಹಿಡಿದುಕೊಂಡು ನಕ್ಕೆವು. ಆಮೇಲೆ ನೋಡಿದರೆ ಅಕ್ಕನ ಕಣ್ಣೀರು ನಿಂತೇ ಇರಲಿಲ್ಲ.

"ಅಜ್ಜಿ ವಯಸ್ಸು ಲೆಕ್ಕಕ್ಕೆ ಹಿಡಿದೆ," ಎಂದಳು. "ಅಮ್ಮನ ವಯಸ್ಸು ಹಿಡಿದೆ. ಆ ಮಂಡಿಗೆಷ್ಟು ವಯಸ್ಸು ಅಂತ ಹಿಡಿದೆ. ನಿಮ್ಮ ವಯಸ್ಸು ನನ್ನ ಲೆಕ್ಕದಲ್ಲೇ ಇರ್ಲಿಲ್ಲ ಕಣ್ರೀ."

"ನಾನು ಮೇಲ್ಗಡೆ ಇದ್ನಲ್ಲ," ಎಂದರು ಭಾವ.

ಅವರು ಇನ್ನೊಂದು ಮೆಟ್ಟಿಲಿಗೆ ಬಲಗಾಲು ಎತ್ತಿದರು. ಅಕ್ಕ ಹಿಂದಿನಿಂದ ಅವರ ತೋಳು ಹಿಡಿದಳು. ಮೆಲ್ಲಗೆ ತಿರುಗಿಸಿ, ತಾನು ಒಂದು ಮೆಟ್ಟಿಲು ಕೆಳಗೆ ನಿಂತು, ಅವರ ಭಾರವನ್ನು ತನ್ನ ಹೆಗಲಿಗೆ ತೆಗೆದುಕೊಂಡು ಇಳಿಸತೊಡಗಿದಳು. ಡಾಕ್ಟರಿಗೆ ಫೋನ್ ಮಾಡೆಂದು ನನಗೆ ಹೇಳಿದಳು. ಮೇಲ್ಮಹಡಿ ನೋಡುವುದು ಅಂದು ಆಗಲೇ ಇಲ್ಲ.